ಅಪ್ಪ ತೀರಿಕೊಂಡಾಗ ಬಾರದ ಕಣ್ಣೀರು ಕಪ್ ಗೆದ್ದಾಗ ಬಂದರೆ?

ಪ್ರಶ್ನೆ: ನಮ್ಮ ಯಜಮಾನರಿಗೆ 46 ವರ್ಷ. ತೀರ್ಥಹಳ್ಳಿಯ ಹತ್ತಿರ ಅಡಿಕೆ ತೋಟವಿದೆ. ಮಾವನವರು ತೀರಿಕೊಂಡಾಗಲೂ, ಎಲೆಚುಕ್ಕೆ ರೋಗದಿಂದ ಫಸಲು ಹೋದಾಗಲೂ ಕಣ್ಣೀರು ಹಾಕದವರು, ಆರ್‌ಸಿಬಿ ಕಪ್ ಗೆದ್ದ ರಾತ್ರಿ ಮಕ್ಕಳೆದುರೇ ಬಿಕ್ಕಿ ಬಿಕ್ಕಿ ಅತ್ತರು. ತಂಡ ಸೋತರೆ ಊಟ ಬಿಟ್ಟು ಮಾತಿಲ್ಲದೆ ಕೂರುತ್ತಾರೆ. ಇದು ಮಾನಸಿಕ ಕಾಯಿಲೆಯೇ? ಪಂದ್ಯ ನೋಡುವುದನ್ನು ಬಿಡಿಸಬೇಕೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಬಿಡಿಸಬೇಡಿ. ನೀವು ಬರೆದಷ್ಟರಲ್ಲಿ ಕಾಯಿಲೆಯ ಲಕ್ಷಣ ನನಗೆ ಕಾಣಲಿಲ್ಲ.

2009, 2011 ಮತ್ತು 2016ರ ಫೈನಲ್‌ಗಳಲ್ಲಿ ಸೋತು, 'ಈ ಸಲ ಕಪ್ ನಮ್ದೇ' ಎಂದು ಪ್ರತಿ ವರ್ಷ ಹೇಳಿ ನಗೆಪಾಟಲಾಗಿ, ಕೊನೆಗೆ 2025ರ ಜೂನ್ 3ರಂದು ಪಂಜಾಬ್ ಕಿಂಗ್ಸ್ ವಿರುದ್ಧ ಆರು ರನ್‌ಗಳಿಂದ ಗೆದ್ದ ತಂಡವದು. ಟೂರ್ನಿ ಶುರುವಾದ 2008ರಲ್ಲಿ ನಿಮ್ಮ ಯಜಮಾನರಿಗೆ ಮೂವತ್ತೂ ತುಂಬಿರಲಿಲ್ಲ; ಅಲ್ಲಿಂದೀಚೆಗೆ ಅವರು ಹೊತ್ತದ್ದು ಕ್ರಿಕೆಟ್ ಸೋಲುಗಳನ್ನು ಮಾತ್ರವಲ್ಲ. ನಮ್ಮ ಕಡೆ ಸಾವಿನ ಮನೆಯಲ್ಲಿ ಮಗನಾದವನಿಗೆ 'ನೀನೇ ಹೀಗೆ ಕೂತರೆ ಹೇಗೆ' ಎಂದು ಹೇಳಿ, ಬಂದವರ ಊಟದ ವ್ಯವಸ್ಥೆಗೆ ಎಬ್ಬಿಸುವುದು ರೂಢಿ. ಆಗ ಅಳಲು ಅವಕಾಶವಿಲ್ಲದವರಿಗೆ ಕ್ರಿಕೆಟ್ ಅವಕಾಶ ಕೊಡುತ್ತದೆ, ಏಕೆಂದರೆ ಟಿವಿ ಮುಂದೆ ಅತ್ತ ಗಂಡಸನ್ನು ಜನ ಹೆಚ್ಚೆಂದರೆ ತಮಾಷೆ ಮಾಡುತ್ತಾರೆ, ಕನಿಕರಿಸುವುದಿಲ್ಲ. ಅನೇಕ ಗಂಡಸರಿಗೆ ತಮಾಷೆಗಿಂತ ಕನಿಕರವೇ ಕಷ್ಟ.

ಇನ್ನೊಂದು ಸಾಧ್ಯತೆಯೂ ಇದೆ. ನಮ್ಮಲ್ಲಿ ಎಷ್ಟೋ ಅಪ್ಪ-ಮಕ್ಕಳು ತೋಟದ ಲೆಕ್ಕ ಬಿಟ್ಟರೆ ಮನಬಿಚ್ಚಿ ಮಾತಾಡಿದ್ದು ಕ್ರಿಕೆಟ್ ಬಗ್ಗೆ ಮಾತ್ರ. ಭದ್ರಾವತಿಯ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲೇ 137 ರನ್ ಹೊಡೆದದ್ದನ್ನು ಮನೆಯ ಸುದ್ದಿಯೆಂಬಂತೆ ಹೇಳಿಕೊಂಡು ಬಂದ ತಲೆಮಾರು ನಮ್ಮ ಜಿಲ್ಲೆಯದು. ಆ ರಾತ್ರಿ ಅವರು ಅತ್ತದ್ದು ತಂದೆಗಾಗಿ ಎಂದು ಇಲ್ಲಿ ಕೂತು ನಾನು ಖಚಿತವಾಗಿ ಹೇಳಲಾರೆ. ಆದರೆ 'ಮಾವನವರಿಗೆ ಯಾವ ಆಟಗಾರ ಇಷ್ಟ ಆಗಿದ್ರು?' ಎಂದು ಮುಂದಿನ ಪಂದ್ಯದ ನಡುವೆ ಕೇಳಿ ನೋಡಿ. ಎದುರು ಕೂರಿಸಿ 'ಏನಾಗಿದೆ ನಿಮಗೆ' ಎಂದರೆ ಉತ್ತರ ಸಿಗಲಾರದು. ಪಕ್ಕದಲ್ಲಿ ಕೂತು, ಇಬ್ಬರ ಕಣ್ಣೂ ಟಿವಿಯ ಮೇಲಿರುವಾಗ ಸಿಕ್ಕೀತು.

ಸೋಲಿನ ಸಂಕಟ ನಟನೆಯಲ್ಲ. 2006ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ಆಡಿದ ದಿನಗಳಂದು ಮ್ಯೂನಿಕ್ ಸುತ್ತಮುತ್ತ ಹೃದಯ ಸಂಬಂಧಿ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗಿಂತ ಹೆಚ್ಚಾದವು; ಗಂಡಸರಲ್ಲಂತೂ ಮೂರು ಪಟ್ಟು ದಾಟಿದವು. ಅವರಿಗೆ ಬಿ.ಪಿ. ಇದ್ದರೆ ಪರೀಕ್ಷೆ ತಪ್ಪಿಸಬೇಡಿ.

ಬೆಳಗಾಗುವುದರೊಳಗೆ ಮೌನ ಕರಗಿ ತೋಟಕ್ಕೆ ಹೊರಟರೆ ಚಿಂತೆಯಿಲ್ಲ. ಸೋಲಿನ ನೋವಿಗೆ ಹಣದ ಆತಂಕವೂ ಬೆರೆತಂತೆ ಕಂಡರೆ ಬೆಟ್ಟಿಂಗ್ ಇದೆಯೇ ಎಂದು ನೇರವಾಗಿ ಕೇಳಿ. ಪಂದ್ಯಗಳಿಲ್ಲದ ತಿಂಗಳಲ್ಲೂ ಎರಡು ವಾರ ಮೀರಿ ನಿದ್ದೆ ಬಾರದಿದ್ದರೆ, ಕುಡಿತ ಹೆಚ್ಚಿದರೆ, 'ನಾನಿದ್ದು ಏನು ಪ್ರಯೋಜನ' ಎಂಬಂಥ ಮಾತು ಬಂದರೆ ಅದಕ್ಕೂ ಕ್ರಿಕೆಟ್‌ಗೂ ಸಂಬಂಧವಿಲ್ಲ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರಲ್ಲಿ ನೂರಕ್ಕೆ ಸುಮಾರು 72 ಮಂದಿ ಗಂಡಸರು. ಅಂಥ ಮಾತು ಕೇಳಿದ ದಿನವೇ ತೋಟದ ಕೀಟನಾಶಕಗಳನ್ನು ಅವರ ಕೈಗೆ ಸಿಗದಂತೆ ಬೀಗ ಹಾಕಿಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರ ಬಳಿ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅವರು ಒಪ್ಪದಿದ್ದರೆ ಮೊದಲ ಕರೆಯನ್ನು ನೀವೇ ಮಾಡಿ.