ತಮ್ಮನ ಕಾಯಿಲೆ ಅಕ್ಕನಿಗೆ ಹೇಳಬೇಕಾ?

ಪ್ರಶ್ನೆ: ನನ್ನ 6 ವರ್ಷದ ಮಗನಿಗೆ ಎಎಲ್ಎಲ್ ಅನ್ನೋ ಬ್ಲಡ್ ಕ್ಯಾನ್ಸರ್ ಅಂದಿದ್ದಾರೆ. ಕೀಮೋಗೆಂದು ಅವನ ಜೊತೆ ಬೆಂಗಳೂರಿನಲ್ಲಿದ್ದೇನೆ. ಗಂಡ ಹಾವೇರಿಯಿಂದ ಓಡಾಡುತ್ತಾರೆ. 11 ವರ್ಷದ ಮಗಳು ಊರಲ್ಲಿ ಅತ್ತೆಯ ಹತ್ತಿರ ಇದ್ದಾಳೆ. 'ಯಾರಿಗೂ ಹೇಳಬೇಡ, ನಾಳೆ ಇವಳಿಗೆ ಗಂಡು ಸಿಗಲ್ಲ' ಅನ್ನುತ್ತಾರೆ ಅತ್ತೆ. ಮಗಳಿಗೂ 'ತಮ್ಮನಿಗೆ ರಕ್ತ ಕಡಿಮೆ' ಅಂತಷ್ಟೇ ಹೇಳಿದ್ದೇವೆ. ಈಗ ಅವಳು ಫೋನಿಗೇ ಬರಲ್ಲ. ಏನು ಮಾಡಲಿ?

ಉತ್ತರ: ಹೇಳಿ ತಾಯಿ, ಈ ವಾರವೇ ಹೇಳಿ, ಅದೂ ನಿಮ್ಮ ಬಾಯಿಂದಲೇ. ಅವಳಿಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಅಜ್ಜಿ ಫೋನಿನಲ್ಲಿ ಪಿಸುಗುಟ್ಟುವುದನ್ನು, ಅಪ್ಪ ಊಟ ಬಿಟ್ಟು ಏಳುವುದನ್ನು ದಿನಾ ನೋಡುತ್ತಿರುವ ಹುಡುಗಿ ಅವಳು. ದೊಡ್ಡವರು ಹೇಳದಿದ್ದರೆ ಮಕ್ಕಳು ತಾವೇ ಒಂದು ಕಥೆ ಕಟ್ಟಿಕೊಳ್ಳುತ್ತಾರೆ, ಅದರಲ್ಲಿ ಎಷ್ಟೋ ಸಲ ತಪ್ಪು ಅವರದ್ದೇ ಆಗಿರುತ್ತದೆ: ಅವತ್ತು ನಾನು ತಮ್ಮನಿಗೆ ಹೊಡೆದೆನಲ್ಲ, ಅದಕ್ಕೇ ಹೀಗಾಯ್ತಾ ಅಂತ.

ಸುಮ್ನೆ ಸರಳವಾಗಿ ಹೇಳಿ. 'ತಮ್ಮನ ರಕ್ತಕ್ಕೆ ಕ್ಯಾನ್ಸರ್ ಬಂದಿದೆ. ಅದು ಅಂಟುವ ರೋಗ ಅಲ್ಲ, ನೀನು ಮಾಡಿದ್ದರಿಂದ ಬಂದದ್ದೂ ಅಲ್ಲ. ಔಷಧಿಯಿಂದ ಕೂದಲು ಉದುರುತ್ತೆ, ಆಮೇಲೆ ಬರುತ್ತೆ.' ಸತ್ತುಹೋಗ್ತಾನಾ ಅಂತ ಕೇಳಿದರೆ ಆಣೆ ಪ್ರಮಾಣ ಮಾಡಲು ಹೋಗಬೇಡಿ. ವಾಸಿ ಮಾಡೋಕೇ ಇಲ್ಲಿದ್ದೀವಿ, ಏನೇ ಆದ್ರೂ ನಿನಗೆ ನಾನೇ ಹೇಳ್ತೀನಿ ಅನ್ನಿ. ಆ ಮಾತಿಗೆ ತಪ್ಪಬೇಡಿ.

ಇನ್ನು ಅತ್ತೆ. ಅವರದ್ದು ಕೆಟ್ಟತನ ಅಲ್ಲ, ಭಯ. ಅವರ ಕಾಲದಲ್ಲಿ ಕ್ಯಾನ್ಸರ್ ಅಂದರೆ ಕಥೆ ಮುಗೀತು ಅಂತಲೇ ಅರ್ಥ. ಈಗ ಶ್ರೀಮಂತ ದೇಶಗಳಲ್ಲಿ ಎಎಲ್ಎಲ್ ಬಂದ 10 ಮಕ್ಕಳಲ್ಲಿ ಸುಮಾರು 9 ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಅಷ್ಟು ಆಗದಿರಲು ತಡವಾಗಿ ಬರುವುದು, ಅರ್ಧಕ್ಕೆ ಚಿಕಿತ್ಸೆ ಬಿಡುವುದು ದೊಡ್ಡ ಕಾರಣಗಳು. ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟಾಗದೆ ಮೈಮೇಲೆ ನೀಲಿ ಕಲೆ, ರಾತ್ರಿಯೆಲ್ಲ ಕಾಲು ನೋವು ಅಂತ ಅಳುವುದು, ಇವನ್ನು ದೃಷ್ಟಿ ಅಂತಲೋ ಟಾನಿಕ್ ಸಾಕು ಅಂತಲೋ ತಿಂಗಳುಗಟ್ಟಲೆ ತಳ್ಳುವ ಮನೆಗಳಿವೆ. ನೀವು ಬಾಯಿಬಿಟ್ಟರೆ ನಿಮ್ಮ ಓಣಿಯ ಇನ್ನೊಂದು ಮಗು ಬೇಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಆದರೆ ಊರಿನ ಉದ್ಧಾರ ಆಮೇಲೆ, ಮೊದಲು ನಿಮ್ಮದೇ ಲೆಕ್ಕ ನೋಡಿ. ಈ ಚಿಕಿತ್ಸೆ ಎರಡು ಮೂರು ವರ್ಷದ್ದು. ಮಗನಿಗೆ ಆಗಾಗ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ಏರಿಸಬೇಕಾಗಬಹುದು. ಅವನ್ನು ಐದಾರು ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ, ಹಾಗಾಗಿ ರಕ್ತ ಕೊಡುವವರು ಮತ್ತೆ ಮತ್ತೆ ಬೇಕು. ಗುಟ್ಟು ಇಟ್ಟುಕೊಂಡು ಯಾರನ್ನು ಕರೆಯುತ್ತೀರಿ? ಯಜಮಾನರ ಸ್ನೇಹಿತರಿಗೆ, ನಿಮ್ಮ ತವರಿಗೆ ಮೊದಲು ಹೇಳಿ. ಆಯುಷ್ಮಾನ್ ಕಾರ್ಡ್ ಬಗ್ಗೆ ಆಸ್ಪತ್ರೆಯ ಸೋಷಿಯಲ್ ವರ್ಕರ್ ಹತ್ತಿರ ಇವತ್ತೇ ಕೇಳಿ, ನಾಚಿಕೆ ಬೇಡ. ಮಗ ಶಾಲೆಗೆ ವಾಪಸ್ ಹೋದಾಗ ಟೀಚರ್‌ಗೂ ಗೊತ್ತಿರಲೇಬೇಕು. ತರಗತಿಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಎದ್ದರೆ ನಿಮಗೆ ಅದೇ ದಿನ ಫೋನ್ ಬರಬೇಕು, ಕೀಮೋ ಮಕ್ಕಳಿಗೆ ಅದು ಜೀವಕ್ಕೇ ಅಪಾಯ.

ರಜೆ ಬಂದ ಕೂಡಲೇ ಮಗಳನ್ನು ಕರೆಸಿಕೊಳ್ಳಿ. ವಾರ್ಡಿಗೆ ಬಿಡದಿದ್ದರೂ ಪರವಾಗಿಲ್ಲ, ರಾತ್ರಿ ನಿಮ್ಮ ಪಕ್ಕ ಮಲಗಲಿ. ಜೊತೆಗೆ ಅತ್ತೆಯೂ ಬರಲಿ, ಅವರನ್ನು ಡಾಕ್ಟರ್ ಮುಂದೆ ಕೂರಿಸಿ. ಬಹುಪಾಲು ಮಕ್ಕಳಲ್ಲಿ ಇದು ವಂಶದಿಂದ ಬರುವ ಕಾಯಿಲೆ ಅಲ್ಲ, ಸೊಸೆ ಹೇಳಿದರೆ ಅವರು ನಂಬಲಿಕ್ಕಿಲ್ಲ. ಮೊಮ್ಮಗಳ ಮದುವೆಯ ಪ್ರಶ್ನೆಯನ್ನು ಅವರೇ ಕೇಳಲಿ.