ಗೆಳತಿಯ ಮಗುವಿನ ಮೇಲೆ ದೌರ್ಜನ್ಯವಾಗಿದೆ, ಅವಳ ಜೊತೆ ಹೇಗಿರಲಿ?

ಗೆಳತಿಯ ಎಂಟು ವರ್ಷದ ಮಗಳ ಮೇಲೆ ಹತ್ತಿರದ ನೆಂಟನೇ ಲೈಂಗಿಕ ದೌರ್ಜನ್ಯ ಮಾಡಿದ್ದಾನೆ, ಪೋಕ್ಸೊ ಕೇಸ್ ಆಗಿದೆ, ಗೆಳತಿ ಫೋನ್ ಎತ್ತುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನನ್ನ ತಂಗಿಯ ಮನೆಯಲ್ಲೂ ಇದೇ ಆಯಿತು. ನಾನು ಆ ಮಗುವಿಗೆ ದೊಡ್ಡಮ್ಮ. ಊರು, ವಯಸ್ಸು ಬರೆಯುವುದಿಲ್ಲ. ಮಗುವಿನ ಗುರುತು ಹೊರಗೆ ಬರಬಾರದು. ನೀವೂ ಇನ್ನು ಮುಂದೆ ಇಷ್ಟು ವಿವರ ಎಲ್ಲೂ ಬರೆಯಬೇಡಿ.

ಫೋನ್ ಎತ್ತದಿದ್ದರೆ ಬೇಜಾರಾಗಬೇಡಿ. ಒಂದು ಮೆಸೇಜ್ ಹಾಕಿ. "ಉತ್ತರ ಕೊಡೋದು ಬೇಡ. ಸಂಜೆ ಸಾರು, ಪಲ್ಯ ತರ್ತೀನಿ. ಮಾತಾಡೋಕೆ ಮನಸ್ಸಿಲ್ಲ ಅಂದ್ರೆ ಬಾಗಿಲಲ್ಲಿ ಇಟ್ಟು ಹೋಗ್ತೀನಿ." ಹೇಳಿದ ಹೊತ್ತಿಗೆ ಹೋಗಿ. "ಏನಾದ್ರೂ ಬೇಕಿದ್ರೆ ಹೇಳು" ಅಂದರೆ ಯಾರೂ ಹೇಳುವುದಿಲ್ಲ. ಏನು ಬೇಕು ಅಂತ ಅವರಿಗೇ ತೋಚುವುದಿಲ್ಲ.

ಮೊದಲ ವಾರ ನನ್ನ ತಂಗಿ ರಾತ್ರಿ ಎರಡು ಗಂಟೆಗೆ ಎದ್ದು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ನಾನು ಸುಮ್ನೆ ಪಕ್ಕದಲ್ಲಿ ನಿಂತು ಒರೆಸಿ ಇಡುತ್ತಿದ್ದೆ. ಮೂರನೇ ರಾತ್ರಿ ಅವಳೇ ಬಾಯಿಬಿಟ್ಟಳು. "ಅಕ್ಕಾ, ಅವನು ಬಂದಾಗೆಲ್ಲ ಕಾಫಿ ಮಾಡಿಕೊಟ್ಟಿದ್ದು ನಾನು. ಮಾವ ಚಾಕೊಲೇಟ್ ತಂದಿದ್ದಾರೆ, ಹೋಗು ಅಂತ ಇವಳನ್ನ ಕಳಿಸಿದ್ದೂ ನಾನೇ."

"ನಿಂದೇನೂ ತಪ್ಪಿಲ್ಲ ಬಿಡು" ಅಂತ ತಟ್ಟನೆ ಹೇಳಿ ಆ ಮಾತನ್ನು ಮುಗಿಸಬೇಡಿ. ಅವಳು ಪೂರ್ತಿ ಹೇಳಿಕೊಳ್ಳಲಿ. ಆಮೇಲೆ ನಾನು ಹೇಳಿದೆ, "ಅವನಿಗೆ ನಾನೂ ಊಟ ಬಡಿಸಿದ್ದೀನಿ. ಮಗುನ ಹತ್ತಿರ ಬರೋಕೆ ಮೊದಲು ನಮ್ಮೆಲ್ಲರ ನಂಬಿಕೆ ಗಳಿಸಿದ." ಇದು ಸಮಾಧಾನಕ್ಕೆ ಆಡಿದ ಮಾತಲ್ಲ. ದೇಶದ ಅಪರಾಧ ದಾಖಲೆಗಳನ್ನು ನೋಡಿ, ಇಂಥ ಹತ್ತು ಕೇಸುಗಳಲ್ಲಿ ಒಂಬತ್ತಕ್ಕೂ ಜಾಸ್ತಿ ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನೇ. ನಾನು ಹೇಳಿದ ಇನ್ನೊಂದು ಮಾತನ್ನು ತಂಗಿ ಇವತ್ತಿಗೂ ಹಿಡಿದುಕೊಂಡಿದ್ದಾಳೆ. "ಮಗು ಬಂದು ಹೇಳಿದ್ದು ನಿನಗೇ ಅಲ್ವಾ? ನೀನು ನಂಬಿದೆ."

"ನಿನಗೆ ಗೊತ್ತೇ ಆಗಲಿಲ್ವಾ?" ಅಂತ ಮಾತ್ರ ಕೇಳಬೇಡಿ. ನೆಂಟರೊಬ್ಬರು ಕೇಳಿದರು. ತಂಗಿ ಎರಡು ದಿನ ಅನ್ನ ಮುಟ್ಟಲಿಲ್ಲ.

ಅಪ್ಪನನ್ನು ಎಲ್ಲರೂ ಮರೆಯುತ್ತಾರೆ. ತಂಗಿಯ ಗಂಡ ಕೆಲಸದಿಂದ ಬಂದು, ಹೆಲ್ಮೆಟ್ ಕೂಡ ತೆಗೆಯದೆ, ನಿಲ್ಲಿಸಿದ ಸ್ಕೂಟರಿನ ಮೇಲೆ ಅರ್ಧ ಗಂಟೆ ಕೂತಿರುತ್ತಿದ್ದ. ಮನೆಯೊಳಗೆ ಬರಲು ಕಾಲು ಏಳುತ್ತಿರಲಿಲ್ಲ. ನಮ್ಮ ಯಜಮಾನರು ಕೆಳಗೆ ಹೋಗಿ ಅವನ ಪಕ್ಕದಲ್ಲಿ ನಿಲ್ಲುತ್ತಿದ್ದರು. ಕ್ರಿಕೆಟ್ ಮಾತಾಡಿದ್ದೂ ಉಂಟು. ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದನ್ನೂ ನೋಡಿಕೊಳ್ಳಿ. ತಂಗಿಯ ಮಗನಿಗೆ ಆಗ ಪರೀಕ್ಷೆ ಇತ್ತು. ಯಾರಿಗೂ ನೆನಪೇ ಇರಲಿಲ್ಲ.

ಗೆಳತಿಯ ಮಗಳ ಹತ್ತಿರ ಏನಾಯಿತು ಅಂತ ಕೇಳಲೇಬೇಡಿ. ಮೊದಲು ಹೇಗಿದ್ದಿರೋ ಹಾಗೇ ಇರಿ. ನನ್ನ ತಂಗಿ ತನ್ನ ಮಗಳನ್ನು ಮುಟ್ಟಲೂ ಹೆದರುತ್ತಿದ್ದಳು. "ಜಡೆ ಹಾಕಲಾ ಪುಟ್ಟಿ?" ಅಂತ ಕೇಳಿ, ಅವಳು ಹೂಂ ಅಂದಮೇಲೆ ಹಾಕು ಅಂತ ಕೌನ್ಸೆಲರ್ ಹೇಳಿಕೊಟ್ಟರು. ಅಮ್ಮನಿಗೂ ಕೌನ್ಸೆಲಿಂಗ್ ಬೇಕು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಕೇಸಿನ ಓಡಾಟವೇ ಅಪ್ಪ ಅಮ್ಮನನ್ನು ಹಣ್ಣು ಮಾಡುವುದು. ಅವರಿಗೆ ಸಪೋರ್ಟ್ ಪರ್ಸನ್ ಸಿಕ್ಕಿದ್ದಾರಾ ಕೇಳಿ. ತನಿಖೆಯಿಂದ ವಿಚಾರಣೆ ಮುಗಿಯುವವರೆಗೆ ಜೊತೆಗಿರಲು ಮಕ್ಕಳ ಕಲ್ಯಾಣ ಸಮಿತಿ ಒಬ್ಬರನ್ನು ಕೊಡಬಹುದು. ಕೊಟ್ಟಿಲ್ಲದಿದ್ದರೆ ಸಮಿತಿಗೆ ಹೋಗಿ ಕೇಳಬೇಕು. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪೊಲೀಸರು ಯೂನಿಫಾರ್ಮಿನಲ್ಲಿ ಬರುವಂತಿಲ್ಲ. ಕೋರ್ಟಿನಲ್ಲಿ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ, ಜಡ್ಜ್ ಮೂಲಕವೇ ಕೇಳಬೇಕು. ಸಾಕ್ಷಿ ಹೇಳುವಾಗ ಮಗು ಆರೋಪಿಯ ಮುಖ ನೋಡುವಂತೆ ಆಗಬಾರದು. ಕೇಸ್ ಮುಗಿಯುವ ಮೊದಲೇ ಮಧ್ಯಂತರ ಪರಿಹಾರಕ್ಕೂ ಅರ್ಜಿ ಹಾಕಬಹುದು. ನಾನು ಒಂದು ಫೈಲ್ ಮಾಡಿ ಎಫ್‌ಐಆರ್ ಪ್ರತಿ, ಆಸ್ಪತ್ರೆ ಕಾಗದ ಎಲ್ಲ ಅದರಲ್ಲಿಟ್ಟೆ. ಅಷ್ಟಕ್ಕೇ ತಂಗಿಗೆ ಎಷ್ಟೋ ಹಗುರವಾಯಿತು.

ನೆಂಟನೇ ಮಾಡಿದ್ದಾನೆ ಅಂದಮೇಲೆ ರಾಜಿ ಮಾತು ಬಂದೇ ಬರುತ್ತದೆ. "ನಾಳೆ ಹುಡುಗಿ ಮದುವೆ ಹೇಗಾಗುತ್ತೆ?" ಅನ್ನುತ್ತಾರೆ. ಆಗ ಗೆಳತಿಯ ಪಕ್ಕದಲ್ಲಿ ನೀವು ಕೂತಿರಬೇಕು, ಅವಳ ಪರವಾಗಿ ಗಟ್ಟಿಯಾಗಿ ಮಾತಾಡಬೇಕು. ಎರಡೂ ಕಡೆಯವರು ರಾಜಿಯಾದರು ಅನ್ನುವ ಕಾರಣಕ್ಕೆ ಇಂಥ ಕೇಸ್ ರದ್ದು ಮಾಡುವಂತಿಲ್ಲ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ಒಂದು ಪ್ರಕರಣದಲ್ಲಿ ಹೇಳಿದೆ. ಮನೆಯ ಹಿರಿಯರಿಗೆ ನಾನು ಇದನ್ನೇ ಹೇಳಿದೆ. ಕೆಲವರು ಇವತ್ತಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಬಿಡಲಿ.

ನಮ್ಮ ಕೇಸ್ ಇನ್ನೂ ನಡೆಯುತ್ತಿದೆ. ಮೊದಲ ತಿಂಗಳು ತಂಗಿಯ ಮನೆ ತುಂಬ ಜನ. ಎಂಟನೇ ತಿಂಗಳಿಗೆ ಉಳಿದದ್ದು ನಾನು ಮತ್ತು ಪಕ್ಕದ ಮನೆಯವರು, ಇಬ್ಬರೇ. ಗೆಳತಿಯನ್ನು ಕೇಳಿ ಕೋರ್ಟಿನ ಮುಂದಿನ ವಾಯಿದೆ ನಿಮ್ಮ ಕ್ಯಾಲೆಂಡರಿನಲ್ಲೂ ಬರೆದಿಟ್ಟುಕೊಳ್ಳಿ, ಆ ದಿನ ರಜೆ ಹಾಕಿ.