ಫಾರ್ಮುಲಾ ಎಲ್ಲಾ ಬಾಯಿಪಾಠ ಇದೆ, ಆದ್ರೂ ಫಿಸಿಕ್ಸ್ ಪ್ರಾಬ್ಲಮ್ ಬರಲ್ಲ, ಯಾವ ಬುಕ್ ತಗೊಳ್ಳಲಿ?

ನಾನೂ ಹಿಂಗೇ ಇದ್ದೆ. ಮದ್ದೂರು ಕಡೆ ಹಳ್ಳಿ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಆಮೇಲೆ ದಿನಾ ಬಸ್ಸಲ್ಲಿ ಮಂಡ್ಯಕ್ಕೆ ಹೋಗಿ ಪಿಯುಸಿ ಸೈನ್ಸ್ ಓದಿದ್ದು. ಫಾರ್ಮುಲಾಗಳನ್ನ ಸಣ್ಣ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಸ್ಸಲ್ಲೇ ಉರು ಹೊಡೀತಿದ್ದೆ, ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತಿದ್ದೆ.

ಸೆಕೆಂಡ್ ಪಿಯು ಪರೀಕ್ಷೇಲಿ 5 ಮಾರ್ಕ್ಸಿಗೆ ಒಂದು ಪ್ರಾಬ್ಲಮ್ ಬಂತು. ಪ್ಲಸ್ 4 ಮೈಕ್ರೋಕೂಲಂಬ್ ಒಂದು ಚಾರ್ಜು, ಮೈನಸ್ 4 ಇನ್ನೊಂದು, ನಡುವೆ 20 ಸೆಂಟಿಮೀಟರ್. ನಟ್ಟನಡುವೆ ಫೀಲ್ಡ್ (ಅಂದ್ರೆ ಅಲ್ಲಿಟ್ಟ ಚಾರ್ಜಿನ ಒಂದೊಂದು ಕೂಲಂಬಿಗೆ ಬೀಳೋ ಫೋರ್ಸು) ಎಷ್ಟು, ಅಲ್ಲಿ ಇನ್ನೊಂದು ಚಾರ್ಜ್ ಇಟ್ರೆ ಫೋರ್ಸ್ ಎಷ್ಟು ಅಂತ. ನಾನು ಫಾರ್ಮುಲಾಗೆ ಒಂದ್ಸಲ ಪ್ಲಸ್ 4 ಹಾಕ್ದೆ, ಒಂದ್ಸಲ ಮೈನಸ್ 4 ಹಾಕ್ದೆ, ಕೂಡಿದೆ, ಸೊನ್ನೆ ಬಂತು. ಫೀಲ್ಡ್ ಸೊನ್ನೆ ಅಂದ್ಮೇಲೆ ಫೋರ್ಸೂ ಸೊನ್ನೆ. ಎರಡೇ ನಿಮಿಷಕ್ಕೆ ಮುಗೀತು ಅಂತ ಖುಷಿಯಾಗಿ ಮುಂದಕ್ಕೆ ಹೋದೆ. ಆಗ ಸಿಇಟಿ ರ್‍ಯಾಂಕಿಗೆ ಪಿಯು ಮಾರ್ಕ್ಸೂ ಅರ್ಧ ಸೇರ್ತಿತ್ತು, ಆ 5 ಮಾರ್ಕ್ಸ್ ನಂಗೆ ಬೇಕಿತ್ತು.

ವಾಪಸ್ ಬರೋವಾಗ ಬಸ್ಸಲ್ಲಿ ನಮ್ ಭಾವ ಸಿಕ್ಕಿದ್ರು, ಡಿಪ್ಲೊಮಾ ಮಾಡಿದೋರು. ಪೇಪರ್ ನೋಡಿ, "ಅಲ್ಲಿ ಒಂದು ಪ್ಲಸ್ ಚಾರ್ಜ್ ಬಿಟ್ರೆ ಎತ್ಲಾಗ್ ಹೋಯ್ತದ್ಲಾ?" ಅಂದ್ರು. ಮೈನಸ್ ಕಡೆಗೆ ಅಂದೆ. "ಮತ್ತೆ ಸೊನ್ನೆ ಹೆಂಗ್ ಬರ್ದೆ? ಕಬ್ಬಿನ ಗಾಡಿ ಕೆಸರಲ್ಲಿ ಹೂತ್ಕಂಡಾಗ ಎತ್ತು ಮುಂದಿಂದ ಎಳೀತವೆ, ನಾವು ಹಿಂದಿಂದ ನೂಕ್ತೀವಿ, ಗಾಡಿ ನಿಂತೇ ಇರ್ತದಾ?" ಅಂದ್ರು. ನಂಗೆ ಮಾತೇ ಬರ್ಲಿಲ್ಲ. ಪ್ಲಸ್ ನೂಕುತ್ತೆ, ಮೈನಸ್ ಎಳೆಯುತ್ತೆ, ಎರಡೂ ಒಂದೇ ದಿಕ್ಕಿಗೆ. ಒಂದೊಂದರದ್ದು 36 ಲಕ್ಷ ನ್ಯೂಟನ್ ಪರ್ ಕೂಲಂಬ್, ಒಟ್ಟು 72 ಲಕ್ಷ.

ಇದನ್ನ ಇನ್ನೂ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಲೆಕ್ಕದ ತಪ್ಪಲ್ಲ. ಹಿಂದಿನ ರಾತ್ರಿ ಪೊಟೆನ್ಷಿಯಲ್ (ವೋಲ್ಟಲ್ಲಿ ಅಳೀತೀವಲ್ಲ, ಅದು) ಲೆಕ್ಕ ಮಾಡಿದ್ದೆ, ಅಲ್ಲಿ ಮೈನಸ್ ಸಮೇತ ಹಾಕಿ ಕೂಡಬೇಕು, ಅದಕ್ಕೆ ದಿಕ್ಕಿಲ್ಲ, ಇದೇ ನಡುಬಿಂದುವಲ್ಲಿ ಪೊಟೆನ್ಷಿಯಲ್ ನಿಜವಾಗ್ಲೂ ಸೊನ್ನೆನೇ. ಫೀಲ್ಡಿಗೆ ದಿಕ್ಕಿದೆ. ಅಲ್ಲಿ ಮೈನಸ್ ಹೇಳೋದು ಬಾಣ ಚಾರ್ಜಿನ ಕಡೆಗೆ ತಿರುಗಿದೆ ಅಂತ, ಕಳೀಬೇಕು ಅಂತಲ್ಲ. ಗ್ರಾವಿಟೀಲಿ ಈ ತಾಪತ್ರಯ ಇರ್ಲಿಲ್ಲ, ಮಾಸ್ ಮೈನಸ್ ಆಗಲ್ಲ, ಯಾವಾಗ್ಲೂ ಎಳೆಯೋದೇ, ಅದಕ್ಕೇ ಫಸ್ಟ್ ಪಿಯುಲಿ ಚಿತ್ರ ಬಿಡಿಸ್ದೇನೇ ದಾಟ್ಕೊಂಡ್ ಬಂದುಬಿಟ್ಟಿದ್ದೆ.

ಹಾಗಾಗಿ ಯಾವ ಬುಕ್ ಅನ್ನೋ ಪ್ರಶ್ನೇನೇ ಬಿಡಿ. ಯಾವ ಫಾರ್ಮುಲಾ ಹಾಕ್ಲಿ ಅನ್ನೋದನ್ನೂ ಮೊದಲೇ ಕೇಳ್ಕೋಬೇಡಿ. ಗೈಡ್ ಅಂತೂ ಬೇಡವೇ ಬೇಡ, ಅದರಲ್ಲಿ ಚಿತ್ರ ಅವರೇ ಬಿಡಿಸಿಟ್ಟಿರ್ತಾರೆ, ಕಷ್ಟ ಇರೋದೇ ಅಲ್ಲಿ. ಕಾಲೇಜಲ್ಲಿರೋ ಎನ್‌ಸಿಇಆರ್‌ಟಿ ಪುಸ್ತಕ ಸಾಕು. ಪ್ರಾಬ್ಲಮ್ ಓದಿ, ಒಂದು ಚುಕ್ಕೆ ಇಟ್ಟು, ಅದನ್ನ ಯಾರು ಎಳೀತಿದಾರೆ ಯಾರು ನೂಕ್ತಿದಾರೆ ಅಂತ ಒಂದೊಂದಕ್ಕೂ ಬಾಣ ಹಾಕಿ, ಇಳಿಜಾರಲ್ಲಿರೋ ಬ್ಲಾಕ್ ಆದ್ರೂ ಸರಿ, ಚಾರ್ಜ್ ಆದ್ರೂ ಸರಿ, ಬಾಣ ಆದ್ಮೇಲೇನೇ ನಂಬರ್ ಮುಟ್ಟಿ.

ಈಗ ಸಂಜೆ ಪಕ್ಕದ್ಮನೆ ಮಕ್ಕಳಿಗೆ ನಾನೇ ಹೇಳ್ಕೊಡ್ತೀನಿ, ಮೊದಲನೇ ದಿನ ಕೊಡೋದು ಇದೇ ಲೆಕ್ಕ, ಬಿಂದು ಮಾತ್ರ ಬೇರೆ. ಅದೇ ಎರಡು ಚಾರ್ಜು, ಬಿಂದು ಮೈನಸ್ ಚಾರ್ಜಿಂದ ಆಚೆಗೆ 10 ಸೆಂಟಿಮೀಟರ್, ಅದೇ ಗೆರೆ ಮೇಲೆ. ಬಾಣ ಹಾಕಿ ಮಾಡಿ ನೋಡಿ. 32 ಲಕ್ಷ ಬರಬೇಕು, ಮೈನಸ್ ಚಾರ್ಜಿನ ಕಡೆಗೆ. 40 ಲಕ್ಷ ಬಂದ್ರೆ ಒಂದು ಬಾಣ ಉಲ್ಟಾ ಹಾಕಿದೀರ, ಯಾವುದು ಅಂತ ಕಾಮೆಂಟಲ್ಲಿ ಹೇಳಿ.